ಕನ್ನಡಕ ಕೆಳಗಿಟ್ಟಾಗ

ಟಾಲಿವರ್ ಕೌಂಟಿಯ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ಸ್ಟೆನೋ ಆಗಿದ್ದ ನೇಡೀನ್ ಸ್ಟಾಲ್ಕಪ್‌ಗೆ ಎರಡು ವಿಷಯದಲ್ಲಿ ಹೆಮ್ಮೆಯಿತ್ತು. ಒಂದು, ವಕೀಲರು ಎಷ್ಟೇ ಬಿರುಸಾಗಿ ಬಾಯಿ ಹೊಡೆದುಕೊಂಡರೂ ಅವಳ ಬೆರಳು ಒಂದು ಮಾತನ್ನೂ ಬಿಡುತ್ತಿರಲಿಲ್ಲ. ಇನ್ನೊಂದು, ಅವಳು ಮಾಡುತ್ತಿದ್ದ ಪೀಕಾನ್ ಬೀಜದ ಸಿಹಿ ಪೈ. ಅಲಬಾಮಾದ ಆ ಮೂಲೆಯಲ್ಲಿ ಪೈ ಮಾಡಲು ಬಾರದ ಹೆಂಗಸೇ ಇಲ್ಲ; ಅಂಥವರ ನಡುವೆ ಹೆಸರು ಮಾಡುವುದು ಸುಲಭದ ಮಾತಲ್ಲ. ಈ ಎರಡು ಹೆಮ್ಮೆಯೂ ಒಂದೇ ಬೆಳಿಗ್ಗೆ ಮಣ್ಣುಪಾಲಾದವು. ಮಣ್ಣು ಹಾಕಿದವಳೂ ಅವಳೇ.

ಅವಳು ಕೆಲಸಕ್ಕೆ ಸೇರಿದ ವರ್ಷವೇ ರಾಯ್ಸ್ ಮ್ಯಾಡಕ್ಸ್ ಮೊದಲ ಸಲ ಜಡ್ಜ್ ಆಗಿ ಆರಿಸಿ ಬಂದಿದ್ದರು. ಒಳ್ಳೆಯ ಮನುಷ್ಯ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಆಮೇಲೆ ಊರವರೆಲ್ಲ ತಮಗೆ ಮೊದಲೇ ಗೊತ್ತಿತ್ತೆಂದು ಹೇಳಿಕೊಂಡು ತಿರುಗಿದರು. ಯಾರಿಗೂ ಏನೂ ಗೊತ್ತಿರಲಿಲ್ಲ. ಮೊದಲ ತಿಂಗಳಲ್ಲೇ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಮಲತಂದೆಯ ವಿರುದ್ಧ ಸಾಕ್ಷಿ ಹೇಳಲು ಕಟಕಟೆಗೆ ಬಂದು, ಬಾಯೇ ಬಾರದೆ ಕೂತುಬಿಟ್ಟಳು. ಜಡ್ಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮನೇಲಿ ಒಂದು ಮುದಿ ನಾಯಿ ಇದೆ ಪುಟ್ಟಿ. ಗುಡುಗಿದ್ರೆ ಸಾಕು, ನನ್ ಮಂಚದ ಕೆಳಗೆ ನುಗ್ಗುತ್ತೆ. ನನ್ ಕೈಲಿ ಎಳೆದು ತೆಗೆಯೋಕೂ ಆಗಲ್ಲ" ಎಂದು ಐದು ನಿಮಿಷ ನಾಯಿಯ ಕಥೆ ಹೇಳಿದರು. ಹುಡುಗಿ ನಕ್ಕಳು, ಆಮೇಲೆ ಬಾಯಿಬಿಟ್ಟಳು. ನಾಯಿಯ ಕಥೆ ದಾಖಲೆಗೆ ಸೇರುವ ಮಾತಲ್ಲವೆಂದು ನೇಡೀನ್‌ಗೆ ತಾನಾಗಿಯೇ ಅನ್ನಿಸಿ, ಯಂತ್ರದ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಅಂದಿನಿಂದ ಅದೇ ಪದ್ಧತಿಯಾಯಿತು: ಅವರ ಕನ್ನಡಕ ಮೇಜಿನ ಮೇಲಿದ್ದರೆ ಇವಳ ಕೈ ಮಡಿಲಲ್ಲಿ. ಕೆಟ್ಟದ್ದು ಯಾವಾಗಲೂ ಕಳ್ಳಕಿಂಡಿಯಿಂದಲೇ ನುಗ್ಗುತ್ತದೆ ಎಂದುಕೊಂಡವರು ಲೋಕವನ್ನು ಸರಿಯಾಗಿ ನೋಡಿಲ್ಲ. ಟಾಲಿವರ್ ಕೋರ್ಟಿನಲ್ಲಿ ಅದು ದಯೆ ಬಂದ ಬಾಗಿಲಿನಿಂದಲೇ ಬಂತು.

ಮಡಿಲಲ್ಲಿಟ್ಟ ಬೆರಳುಗಳೇನೂ ಸುಮ್ಮನಿರುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ಲಂಗದ ಬಟ್ಟೆಯ ಮೇಲೆ ಒತ್ತುತ್ತಲೇ ಇರುತ್ತಿದ್ದವು. ಚರ್ಚಿನಲ್ಲಿ ಪಾದ್ರಿಯ ಬೋಧನೆ, ಅಡುಗೆಮನೆಯಲ್ಲಿ ರೇಡಿಯೋದ ಹವಾಮಾನ, ಎಲ್ಲವೂ ತೊಡೆಯ ಮೇಲೆ. ಗಂಡ ಕ್ಲೈಡ್ ಬದುಕಿದ್ದಾಗ ಅವನ ಕೈ ಹಿಡಿದು ಕೂತರೆ, "ನಾನ್ ಬೈದಿದ್ದನ್ನ ನನ್ ಕೈ ಮೇಲೇ ಬರೀತಿದ್ದೀಯಲ್ಲೇ ಮಾರಾಯ್ತಿ" ಎಂದು ನಗುತ್ತಿದ್ದ. ಬೆರಳು ಒಮ್ಮೆ ಬರೆದದ್ದನ್ನು ಅವಳು ಮರೆಯುವುದು ಕಡಿಮೆ.

ಆರು ವರ್ಷಕ್ಕೊಮ್ಮೆ ಜಡ್ಜ್ ಹುದ್ದೆಗೆ ಚುನಾವಣೆ. ಎರಡನೆಯ ಸಲ ಮ್ಯಾಡಕ್ಸ್ ಸಾಹೇಬರ ವಿರುದ್ಧ ನಿಂತವನು ಟಿವಿಯಲ್ಲಿ ಒಂದು ಜಾಹೀರಾತು ಹಾಕಿಸಿದ. ಜೈಲಿನ ಬಾಗಿಲು ತೆರೆಯುತ್ತದೆ, ಮುಖ ಕಾಣದ ಗಂಡಸೊಬ್ಬ ಹೊರಗೆ ಬರುತ್ತಾನೆ, ಇವನನ್ನು ನಿಮ್ಮ ಮನೆಯ ಬೀದಿಗೆ ಬಿಟ್ಟವರು ಜಡ್ಜ್ ಮ್ಯಾಡಕ್ಸ್ ಎಂದು ಒಂದು ದನಿ ಹೇಳುತ್ತದೆ. ಬಿಟ್ಟದ್ದು ನಿಜ. ಸಾಕ್ಷಿಯೇ ಇಲ್ಲದ ಕೇಸಿನಲ್ಲಿ ಬಿಡದೆ ಏನು ಮಾಡಬೇಕಿತ್ತು? ಆದರೆ ಅದನ್ನು ಮೂವತ್ತು ಸೆಕೆಂಡಿನಲ್ಲಿ ಹೇಳುವುದು ಹೇಗೆ? ಸಾಹೇಬರು ನಲವತ್ತೊಂದು ಮತದಿಂದ ಗೆದ್ದರು. ಮರುದಿನ ನೇಡೀನ್‌ಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿಕೊಂಡರು.

"ಸೋತಿದ್ರೆ ಐವತ್ತೆರಡನೇ ವಯಸ್ಸಲ್ಲಿ ಜನರ ಉಯಿಲು ಬರ್ಕೊಂಡು ಹೊಟ್ಟೆ ಹೊರೀಬೇಕಿತ್ತು ನೇಡೀನ್. ಅದೂ ನಾನು ಬೈದು ಕಳಿಸಿದ ವಕೀಲರ ಪಕ್ಕದಲ್ಲಿ ಕೂತು."

"ಗೆದ್ರಲ್ಲ, ಬಿಡಿ ಸಾಹೇಬ್ರೆ."

"ಮುಂದಿನ ಸಲಕ್ಕೆ ದುಡ್ಡು ಬೇಕು. ಜಡ್ಜ್ ಚುನಾವಣೆಗೆ ದುಡ್ಡು ಯಾರು ಕೊಡ್ತಾರೆ ಹೇಳು? ಕ್ಷೌರದೋನು ಕೊಡ್ತಾನಾ? ಮೇಷ್ಟ್ರು ಕೊಡ್ತಾರಾ? ಕೋರ್ಟಲ್ಲಿ ಕೆಲಸ ಇರೋರೇ ಕೊಡ್ಬೇಕು."

ಕನ್ನಡಕ ಮೇಜಿನ ಮೇಲಿತ್ತು.

ಅಂದಿನಿಂದ ಚುನಾವಣೆಯ ವರ್ಷ ಬಂತೆಂದರೆ ಶಿಕ್ಷೆಗಳು ಉದ್ದವಾಗತೊಡಗಿದವು. ಬೇರೆ ವರ್ಷ ಎರಡು ವರ್ಷ ಒಳಗಿರುತ್ತಿದ್ದ ಕಳ್ಳ, ಆ ವರ್ಷ ಸಿಕ್ಕಿಬಿದ್ದರೆ ಐದು. ಇಡೀ ಕೌಂಟಿಯಲ್ಲಿ ಇದನ್ನು ಗಮನಿಸಿದವಳು ನೇಡೀನ್ ಒಬ್ಬಳೇ. ಪ್ರತಿ ಶಿಕ್ಷೆಯೂ ಅವಳ ಬೆರಳ ಕೆಳಗೇ ಹಾದುಹೋಗಬೇಕಲ್ಲ. ಗಮನಿಸಿ ಸುಮ್ಮನಿದ್ದಳು. ಹೊಟ್ಟೆಪಾಡು ಒಂದು ಕಾರಣ. ಸಾಹೇಬರ ಮೇಲಿನ ಪ್ರೀತಿಯೂ ಒಂದು ಕಾರಣ, ಅದನ್ನು ಮುಚ್ಚಿಡುವುದೇಕೆ? ಕ್ಲೈಡ್ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಅವರೂ ಇದ್ದರು.

ಚುನಾವಣೆಯ ದುಡ್ಡು ಬರುತ್ತಿದ್ದ ದಾರಿ ಮೀನೂಟ. ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ದೊಡ್ಡ ಬಾಣಲೆಯಿಟ್ಟು ಕ್ಯಾಟ್‌ಫಿಶ್ ಕರಿಯುತ್ತಿದ್ದರು. ಜೊತೆಗೆ ಜೋಳದ ಹಿಟ್ಟಿನ ಬಿಸಿ ಉಂಡೆ, ಹಲ್ಲು ಜುಮ್ಮೆನ್ನುವ ಸಿಹಿ ಟೀ. ಊಟವಾದ ಮೇಲೆ ಪೈ ಹರಾಜು. ಹೆಂಗಸರು ಮಾಡಿ ತಂದದ್ದನ್ನು ಒಂದೊಂದಾಗಿ ಎತ್ತಿ ಹಿಡಿದು ಕೂಗುವುದು, ಬಂದದ್ದು ಸಾಹೇಬರ ಚುನಾವಣೆಗೆ ಜಮಾ. ಕಾನೂನಿನಲ್ಲಿ ಎಲ್ಲೂ ತಪ್ಪಿಲ್ಲ. ಮೊದಲ ಸಲ ನೇಡೀನ್‌ಳ ಪೈ ನಲವತ್ತು ಡಾಲರಿಗೆ ಹೋಗಿತ್ತು. ಕಳೆದ ಚುನಾವಣೆಯಲ್ಲಿ ಕೋಳಿ ಕಾರ್ಖಾನೆಯ ವಕೀಲ ಡೆಲ್ಬರ್ಟ್ ಕ್ರೇನ್ ಅದನ್ನು ಆರು ಸಾವಿರಕ್ಕೆ ಕೂಗಿ ಹಿಡಿದ. ಆಗ ಅವಳಿಗೆ ಏನನ್ನಿಸಿತು ಗೊತ್ತೆ? ಈ ಸಲ ಬೆಣ್ಣೆ ಒಂದು ಚಮಚ ಹೆಚ್ಚು ಹಾಕಿದ್ದು ಸರಿಯಾಯಿತು ಅನ್ನಿಸಿತು. ಮನೆಗೆ ಹೋದವಳೇ ತಾಯಿ ಬರೆದಿಟ್ಟ ಚೀಟಿಯಲ್ಲಿ ಬೆಣ್ಣೆಯ ಅಳತೆ ತಿದ್ದಿದಳು.

ಮರುದಿನ ಅಂಗಳ ಗುಡಿಸಲು ಹೋದಾಗ ಠಾಣೆಯ ಹಿಂದಿನ ಕಸದ ಪೀಪಾಯಿಯಲ್ಲಿ ಆ ಪೈ ಸಿಕ್ಕಿತು. ಚಾಕು ತಾಗಿರಲಿಲ್ಲ. ಅವಳು ಜೋಡಿಸಿದ ಹಾಗೆಯೇ ಪೀಕಾನ್ ಬೀಜಗಳು ಸುತ್ತಲೂ ಸಾಲಾಗಿದ್ದವು, ಅವುಗಳ ಮೇಲೆ ಇರುವೆಯ ಸಾಲು. ನೇಡೀನ್ ಅದನ್ನು ಸ್ವಲ್ಪ ಹೊತ್ತು ನೋಡಿ, ಪೀಪಾಯಿಯ ಮುಚ್ಚಳ ಮುಚ್ಚಿದಳು. ಆ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ.

ಲವಾಂಡಾ ಸೈಕ್ಸ್‌ಳ ಕೇಸು ಬಂದದ್ದು ಅದಾದ ಮೂರನೆಯ ವರ್ಷ. ಕಾರ್ಖಾನೆಯಲ್ಲಿ ನಿಮಿಷಕ್ಕೆ ನೂರಕ್ಕೂ ಮೇಲೆ ಕೋಳಿ ಕೊಕ್ಕೆಗೆ ತೂಗಿಕೊಂಡು ಬರುತ್ತಿದ್ದವು. ಕತ್ತರಿಸುವ ಚಕ್ರಕ್ಕೆ ಅಡ್ಡವಿದ್ದ ತಗಡು ವೇಗ ಕಡಿಮೆ ಮಾಡುತ್ತದೆಂದು ಮೇಲಿನವರು ತೆಗೆಸಿದ್ದರು. ಹೆಂಗಸರು ತಗಡು ಹಾಕಿಸಿ ಎಂದು ಎರಡು ಸಲ ಕೇಳಿದ್ದರು. ಕೋಳಿ ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ಲವಾಂಡಾಳ ಬಲಗೈಯ ನಾಲ್ಕು ಬೆರಳು ಹೋದವು, ಹೆಬ್ಬೆರಳು ಉಳಿಯಿತು. ಜ್ಯೂರಿಯ ಹನ್ನೆರಡು ಜನ ಎರಡೇ ಗಂಟೆಯಲ್ಲಿ ಅವಳ ಪರವಾಗಿ ಹೇಳಿ ನಾಲ್ಕು ಲಕ್ಷ ಡಾಲರ್ ಪರಿಹಾರ ಕೊಡಿಸಿದರು. ಹದಿನೈದು ದಿನ ಬಿಟ್ಟು ಜಡ್ಜ್ ಸಾಹೇಬರು, ಸಾಕ್ಷ್ಯ ಸಾಲದು ಎಂದು ಒಂದೇ ಪುಟ ಬರೆದು ಅದನ್ನು ರದ್ದು ಮಾಡಿದರು.

ಆ ವಾರ ನೇಡೀನ್ ಕೋರ್ಟಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಮಧ್ಯಾಹ್ನದ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಲವಾಂಡಾ ಬಂದು ನಿಂತಳು.

"ಅಕ್ಕಾ, ಎರಡು ನಿಮಿಷ."

"ಕೇಸಿನ ವಿಷಯ ನನ್ ಹತ್ರ ಮಾತಾಡ್ಬಾರ್ದು ಕಣಮ್ಮ. ನಿಮ್ ವಕೀಲ್ರನ್ನ ಕೇಳು."

"ಅವ್ರು ಅವತ್ತು ಹೊರಗೆ ಫೋನಲ್ಲಿದ್ರು. ನಾನ್ ಹೇಳಿದ್ರೆ ಅರ್ಧ ನಂಬ್ತಾರೆ, ಅರ್ಧ ನಂಬಲ್ಲ. ನೀವು ಪೂರ್ತಿ ನಂಬ್ತೀರ." ಲವಾಂಡಾ ಒಂದು ಮೆಟ್ಟಿಲು ಕೆಳಗೆ ಕೂತಳು. "ಒಂಬತ್ತು ವರ್ಷ ಕೋಳಿ ಸಾಲಲ್ಲಿ ನಿಂತಿದ್ದೀನಿ. ಅಲ್ಲಿ ಪಕ್ಕದೋಳು ಕಿರುಚಿದ್ರೂ ಕೇಳ್ಸಲ್ಲ. ನಾವೆಲ್ಲ ತುಟಿ ನೋಡೇ ಮಾತಾಡೋದು. ಮೇಸ್ತ್ರಿ ಮುಂದೇನೇ ಮೇಸ್ತ್ರೀನ ಆಡ್ಕೊಂಡು ನಗ್ತಿದ್ವಿ."

ನೇಡೀನ್ ಸ್ಯಾಂಡ್‌ವಿಚ್ ಕಾಗದದ ಮೇಲಿಟ್ಟಳು.

"ಜ್ಯೂರಿ ಒಳಗೆ ಹೋದ್ಮೇಲೆ ಜಡ್ಜು ಕನ್ನಡಕ ತೆಗೆದು ಆ ಕ್ರೇನ್‌ನ ಹತ್ರ ಕರೆದ್ರು. ತುಟಿ ನಂಗೆ ನೇರಕ್ಕಿತ್ತು. 'ಜ್ಯೂರಿ ಏನೇ ಕೊಡ್ಲಿ ಡೆಲ್ಬರ್ಟ್, ನನ್ ಮೇಜು ದಾಟಲ್ಲ. ಹೋಗಿ ನೆಮ್ಮದಿಯಾಗಿ ಊಟ ಮಾಡು.' ಹೌದೋ ಅಲ್ವೋ?"

"ನಾನು ಆಗ ಬರೀತಿರಲಿಲ್ಲ."

"ಬರೀತಿದ್ರಿ. ಯಂತ್ರದ ಮೇಲಲ್ಲ, ತೊಡೆ ಮೇಲೆ. ಬೆರಳಿಲ್ದೋಳ ಕಣ್ಣು ಬೇರೆಯೋರ ಬೆರಳ ಮೇಲೇ ಇರುತ್ತೆ ಅಕ್ಕಾ." ಅವಳು ಎದ್ದು ನಿಂತಳು. "ಸುಳ್ಳು ಹೇಳಿ ಅಂತ ಕೇಳ್ತಿಲ್ಲ. ಕೇಳಿದ್ದನ್ನ ಹೇಳಿ ಅಂತಿದ್ದೀನಿ."

ನೇಡೀನ್ ಉಳಿದ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿಕೊಂಡು ಒಳಗೆ ಹೋದಳು.

ಲವಾಂಡಾಳ ವಕೀಲ ಟೋಬಿನ್, ಬರ್ಮಿಂಗ್‌ಹ್ಯಾಮಿನವನು, ಕೊನೆಗೂ ಅರ್ಜಿ ಹಾಕಿದ. ದಾಖಲೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ, ಸ್ಟೆನೋಳನ್ನೇ ಸಾಕ್ಷಿಯಾಗಿ ಕರೆದು ಅದನ್ನು ಸೇರಿಸಬೇಕು ಎಂದು. ಮೇಲಿನ ಕೋರ್ಟಿಗೆ ಹೋಗುವುದು ದಾಖಲೆ ಮಾತ್ರ. ಅದರಲ್ಲಿ ಇಲ್ಲದ ಮಾತು ಆಡಿಯೇ ಇಲ್ಲ ಎಂದು ಲೆಕ್ಕ. ಲವಾಂಡಾಳ ಕೈಯ ಬೆಲೆ ಆ ಒಂದು ಮಾತಿಗೆ ತಗುಲಿಕೊಂಡಿತ್ತು. ತಮಾಷೆಯೆಂದರೆ, ಕೆಳಗಿನ ಕೋರ್ಟಿನಲ್ಲಿ ಯಾರು ಏನೆಂದರು ಎಂದು ತಕರಾರು ಬಂದರೆ ಅದನ್ನು ತೀರ್ಮಾನಿಸುವವರು ಅದೇ ಕೋರ್ಟಿನ ಜಡ್ಜ್. ಬೇಲಿಯೇ ಎದ್ದು ಹೊಲ ಮೇಯ್ದದ್ದಲ್ಲದೆ, ಮೇಯ್ದದ್ದು ಹೌದೋ ಅಲ್ಲವೋ ಎಂದು ಬೇಲಿಯನ್ನೇ ಕೇಳಿದ ಹಾಗಾಯಿತು.

ವಿಚಾರಣೆಗೆ ಮೂರು ದಿನ ಮುಂಚೆ ಪೆಟ್ರೋಲ್ ಬಂಕಿನಲ್ಲಿ ಕ್ರೇನ್ ತನ್ನ ಗಾಡಿಯನ್ನು ನೇಡೀನ್‌ಳ ಗಾಡಿಗೆ ತೀರಾ ಒತ್ತಾಗಿ ತಂದು ನಿಲ್ಲಿಸಿದ. ಬಾಗಿಲು ತೆರೆಯಲು ಜಾಗವಿರಲಿಲ್ಲ.

"ನಿವೃತ್ತಿಗೆ ಎಷ್ಟು ದಿನ ಉಳೀತು ನೇಡೀನ್?"

"ಹದಿನಾಲ್ಕು ತಿಂಗಳು."

"ಹದಿನಾಲ್ಕು ತಿಂಗಳು ಏನ್ ಮಹಾ, ಕಣ್ಮುಚ್ಚಿ ಕಣ್ ತೆಗೆಯೋದ್ರಲ್ಲಿ ಹೋಗುತ್ತೆ." ಅವನು ನಕ್ಕ. "ಮುಚ್ಚೇ ಇಟ್ಕೊಂಡ್ರೆ ಇನ್ನೂ ಬೇಗ."

ಅವನು ಗಾಡಿ ತೆಗೆಯುವವರೆಗೆ ಅವಳು ಒಳಗೇ ಕೂತಿರಬೇಕಾಯಿತು. ಅವನು ನಿಧಾನವಾಗಿ ಪೆಟ್ರೋಲ್ ತುಂಬಿಸಿಕೊಂಡ.

ಸಾಕ್ಷಿ ಹೇಳುವವಳೇ ಬರೆಯುವಂತಿಲ್ಲವಾದ್ದರಿಂದ ಆ ದಿನಕ್ಕೆ ಹೊರಗಿನ ಸ್ಟೆನೋ ಒಬ್ಬ ಬಂದ. ಗ್ರೋವರ್ ಪೆಟ್ಟಿಟ್ ಎಂದು ಹೆಸರು, ಅರವತ್ತರ ಹತ್ತಿರ, ನೌಕಾಪಡೆಯ ಸೇನಾ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಬರೆದವನು. ತಣ್ಣಗಾದ ಕಾಫಿ ಕುಡಿಯುತ್ತ ಯಂತ್ರ ಜೋಡಿಸಿಕೊಂಡ. ಸ್ಟೆನೋ ಕೂರುವ ಜಾಗ ಪೀಠದ ಬುಡದಲ್ಲಿ. ಮೇಲೆ ಕೂತವರಿಗೆ ಅವನ ತಲೆ ಮಾತ್ರ ಕಾಣುತ್ತದೆ, ಕಟಕಟೆಯಿಂದ ಕೈ ಕಾಣುತ್ತದೆ.

"ಈ ಜಡ್ಜ್‌ದು ಏನಾದ್ರೂ ವಿಶೇಷ ಪದ್ಧತಿ ಇದ್ರೆ ಮೊದಲೇ ಹೇಳ್ಬಿಡಿ ಮೇಡಂ" ಎಂದ. "ನಮ್ ನೌಕಾಪಡೇಲಿ ಒಂದೇ ನಿಯಮ. 'ಬರೆಯೋದು ನಿಲ್ಸಿ' ಅಂತ ಬಾಯಿಬಿಟ್ಟು ಹೇಳೋ ತನಕ, ಹಡಗು ಮುಳುಗ್ತಿದ್ರೂ ಬರೀತಿರ್ಬೇಕು."

ಕನ್ನಡಕದ ಮಾತು ನಾಲಿಗೆಯ ತುದಿಗೆ ಬಂತು. ಹೇಳುವುದು ಅವಳ ಕೆಲಸ. ಬದಲಿ ಸ್ಟೆನೋ ಬಂದಾಗಲೆಲ್ಲ ಮೊದಲು ಹೇಳುತ್ತಿದ್ದುದೇ ಅದು.

"ಸ್ವಲ್ಪ ಬೇಗ ಬೇಗ ಮಾತಾಡ್ತಾರೆ. ಅಷ್ಟೇ" ಎಂದಳು.

ಯಾಕೆ ಹಾಗೆಂದಳೆಂದು ಅವಳಿಗೇ ತಿಳಿಯಲಿಲ್ಲ.

ಪ್ರಮಾಣ ಮಾಡಿಸಿದರು. ಟೋಬಿನ್ ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ ಕ್ರೇನ್ ಎದ್ದು, ಪ್ರಶ್ನೆಯ ಮಾತೇ ಸರಿಯಿಲ್ಲವೆಂದು ತಕರಾರು ತೆಗೆದ. ಜಡ್ಜ್ ಕೈಯೆತ್ತಿದರು.

"ಇಬ್ರೂ ಹೊರಗೆ ಹೋಗಿ, ಪ್ರಶ್ನೆ ಹೇಗಿರ್ಬೇಕು ಅಂತ ಒಪ್ಕೊಂಡು ಬನ್ನಿ. ಸೈಕ್ಸ್ ಅವ್ರೂ ಹೋಗ್ಲಿ."

ಬಾಗಿಲು ಮುಚ್ಚಿಕೊಂಡಿತು. ಜಡ್ಜ್ ಮ್ಯಾಡಕ್ಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣುಜ್ಜಿಕೊಂಡರು. ಕೋಣೆಯಲ್ಲಿ ಇನ್ನೊಬ್ಬ ಮನುಷ್ಯನಿದ್ದಾನೆಂದು ಅವರಿಗೆ ತೋಚಲೇ ಇಲ್ಲ. ಇಪ್ಪತ್ತೆರಡು ವರ್ಷ ಆ ಜಾಗದಲ್ಲಿ ಕೂತವಳ ಕಿವಿ ಅವರಿಗೆ ಕುರ್ಚಿ ಮೇಜಿನ ಸಮ ಆಗಿಹೋಗಿತ್ತು.

"ಎಷ್ಟು ವರ್ಷ ಆಯ್ತು ನೇಡೀನ್, ನಾವು ಜೊತೇಲಿ ಕೆಲಸ ಮಾಡ್ತಾ?"

"ಇಪ್ಪತ್ತೆರಡು ಸಾಹೇಬ್ರೆ."

"ಕ್ಲೈಡ್‌ಗೆ ಹೆಗಲು ಕೊಟ್ಟೋನು ಯಾರು?"

"ನೀವು."

"ಮತ್ತೆ ಇದೆಲ್ಲ ಏನು?"

ನೇಡೀನ್ ಕೆಳಗೆ ನೋಡಿದಳು. ಗ್ರೋವರನ ಬೆರಳು ಯಂತ್ರದ ಮೇಲೆ ಸದ್ದಿಲ್ಲದೆ ಓಡುತ್ತಿದ್ದವು. ಒಂದು ಕೆಮ್ಮು ಸಾಕಿತ್ತು. ಕಣ್ಣಿನಿಂದ ಒಂದು ಸನ್ನೆ ಮಾಡಿದ್ದರೂ ಸಾಹೇಬರು ಬಚಾವಾಗುತ್ತಿದ್ದರು. ಮುದಿ ನಾಯಿಯ ಕಥೆ ನೆನಪಾಯಿತು, ಕ್ಲೈಡ್‌ನ ಶವಪೆಟ್ಟಿಗೆ ಹೊತ್ತ ದಿನ ಮಳೆಯಲ್ಲಿ ತೊಯ್ದ ಅವರ ಕರಿ ಕೋಟು ನೆನಪಾಯಿತು. ಮೆಟ್ಟಿಲ ಮೇಲೆ ಕೂತಿದ್ದ ಲವಾಂಡಾಳ ಮಡಿಲಲ್ಲಿ ಒಂಟಿ ಹೆಬ್ಬೆರಳು ಅಲ್ಲಾಡುತ್ತಿದ್ದುದೂ ನೆನಪಾಯಿತು.

"ನಂಗೆ ನೆನಪಿರೋದು ತಪ್ಪಿರಬಹುದು ಸಾಹೇಬ್ರೆ" ಎಂದಳು. "ಅವತ್ತು ಕ್ರೇನ್ ಅವ್ರಿಗೆ ಏನಂದ್ರಿ, ನೀವೇ ಹೇಳಿ."

"ಏನಂದೆ? ಜ್ಯೂರಿ ಏನೇ ಕೊಟ್ರೂ ನನ್ ಮೇಜು ದಾಟಲ್ಲ ಅಂದೆ. ಅದ್ರಲ್ಲಿ ಏನ್ ತಪ್ಪು? ಆ ಕಾರ್ಖಾನೆ ಮುಚ್ಚಿದ್ರೆ ಎಂಟುನೂರು ಮನೆ ಒಲೆ ಆರುತ್ತೆ. ಅವ್ರ ದುಡ್ಡಿಲ್ದೆ ನಾನು ಗೆಲ್ಲಲ್ಲ. ನಾನು ಸೋತ್ರೆ ಇಲ್ಲಿ ಬಂದು ಕೂರೋನು ನನಗಿಂತ ಕೆಟ್ಟೋನು. ಒಂದೇ ಒಂದು ಡಾಲರ್ ಜೇಬಿಗೆ ಇಳ್ಸಿದ್ದೀನಾ ನಾನು? ನೀನೇ ಹೇಳು."

"ಇಲ್ಲ ಸಾಹೇಬ್ರೆ." ಅದು ಸತ್ಯವಾಗಿತ್ತು.

"ಒಂದು ಸಾರಿ ನಲವತ್ತೊಂದು ಮತದಲ್ಲಿ ಗೆದ್ದು ನೋಡು, ಗೊತ್ತಾಗುತ್ತೆ. ಆಮೇಲೆ ಪ್ರತಿ ಕೇಸಲ್ಲೂ ಆ ನಲವತ್ತೊಂದು ಜನ ಎದುರಿಗೆ ಬಂದು ಕೂರ್ತಾರೆ." ಅವರು ಮುಂದಕ್ಕೆ ಬಾಗಿದರು. ದನಿ ಮೆತ್ತಗಾಯಿತು. ಮೆತ್ತಗಾದಾಗಲೇ ಅವರಿಗೆ ಹೆದರಬೇಕೆಂದು ಅವಳಿಗೆ ಗೊತ್ತಿತ್ತು. "ನಾನು ಮುಳುಗಿದ್ರೆ ನೀನೂ ಮುಳುಗ್ತೀಯ. ಒಂದು ಮಾತೂ ಬಿಡದೆ ಬರೆದಿದ್ದೀನಿ ಅಂತ ಪ್ರತಿ ಕೇಸಿಗೂ ಸಹಿ ಹಾಕಿದೋಳು ನೀನು. ಹರಾಜಿಗೆ ಪೈ ತಂದೋಳೂ ನೀನೇ. ಆರು ಸಾವಿರ ಕೊಟ್ಟು ಕೊಂಡ್ಕೊಂಡನಲ್ಲ, ಯಾಕೆ ಅನ್ಕೊಂಡಿದ್ದೆ? ರುಚಿಗೆ?"

ಗ್ರೋವರನ ಬೆರಳು ಅದನ್ನೂ ಬರೆದವು.

"ಗೊತ್ತಿತ್ತು ಸಾಹೇಬ್ರೆ" ಎಂದಳು ನೇಡೀನ್. "ನಂಗೂ ಗೊತ್ತಿತ್ತು."

ಜಡ್ಜ್ ಸಮಾಧಾನದಿಂದ ತಲೆಯಾಡಿಸಿ ಕನ್ನಡಕ ಹಾಕಿಕೊಂಡರು. ಹೊರಗಿದ್ದವರನ್ನು ಕರೆಸಿದರು. ಟೋಬಿನ್ ಬಾಯಿ ತೆರೆಯುವ ಮುನ್ನವೇ ನೇಡೀನ್ ಹೇಳಿದಳು: "ನಾನು ಉತ್ತರ ಕೊಡೋಕೆ ಮುಂಚೆ, ಸ್ಟೆನೋ ಇಲ್ಲಿವರೆಗೆ ಬರೆದಿದ್ದನ್ನ ಒಂದ್ಸಲ ಓದ್ಲಿ."

"ಓದೋಕೆ ಏನಿದೆ ಇಲ್ಲಿ?" ಎಂದರು ಜಡ್ಜ್.

"ಓದಿಸಿ" ಎಂದ ಟೋಬಿನ್, ವಿಷಯ ಏನೆಂದು ತಿಳಿಯದೆಯೇ.

ಗ್ರೋವರ್ ಕಾಗದದ ಸುರುಳಿ ಎತ್ತಿಕೊಂಡು, ಸರಕಿನ ಪಟ್ಟಿ ಓದುವವನ ದನಿಯಲ್ಲಿ ಶುರುಮಾಡಿದ. ಎಷ್ಟು ವರ್ಷ ಆಯ್ತು ನೇಡೀನ್. ಕ್ಲೈಡ್‌ಗೆ ಹೆಗಲು ಕೊಟ್ಟೋನು ಯಾರು. ಜ್ಯೂರಿ ಏನೇ ಕೊಟ್ರೂ ನನ್ ಮೇಜು ದಾಟಲ್ಲ. ಕ್ರೇನ್ ತನ್ನ ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದ. ಲವಾಂಡಾ ಜಡ್ಜ್ ಅವರ ತುಟಿಯನ್ನೇ ನೋಡುತ್ತಿದ್ದಳು, ಅವು ಅಲುಗಲಿಲ್ಲ. ಅವರ ಕೈ ನಿಧಾನವಾಗಿ ಮುಖಕ್ಕೆ ಹೋಗಿ, ಕನ್ನಡಕ ತೆಗೆದು, ಮೇಜಿನ ಮೇಲಿಟ್ಟಿತು. ಕಟಕಟೆಯಲ್ಲಿ ನೇಡೀನ್‌ಳ ಬೆರಳುಗಳು ಹಳೆಯ ರೂಢಿಯಂತೆ ಮಡಿಲಿಗೆ ಸರಿದವು. ಗ್ರೋವರ್ ಪೈಯ ಮಾತಿನವರೆಗೂ ಓದಿ ಮುಗಿಸಿದ.

ಜ್ಯೂರಿ ಕೊಟ್ಟದ್ದನ್ನು ಮೇಲಿನ ಕೋರ್ಟು ಲವಾಂಡಾಗೆ ಮರಳಿಸಿತು. ಮ್ಯಾಡಕ್ಸ್ ಸಾಹೇಬರು ತನಿಖೆ ಶುರುವಾಗುವ ಮೊದಲೇ ರಾಜೀನಾಮೆ ಬರೆದು, ಪಿಂಚಣಿ ಉಳಿಸಿಕೊಂಡು ಸಮುದ್ರ ತೀರಕ್ಕೆ ಹೋದರು. ನೇಡೀನ್‌ಳ ಪರವಾನಗಿ ರದ್ದಾಯಿತು. ಬರೆಯದೆ ಬಿಟ್ಟೂ ಪೂರ್ತಿ ಬರೆದಿದ್ದೇನೆಂದು ಸಹಿ ಹಾಕಿದವಳಲ್ಲವೇ? ಉಪ್ಪು ತಿಂದವಳು ನೀರು ಕುಡಿಯಲೇಬೇಕು ಎಂದು ಅವಳೂ ವಾದಿಸಲಿಲ್ಲ. ಮುಂದಿನ ವಸಂತದಲ್ಲಿ ಹೊಸ ಅಭ್ಯರ್ಥಿಯ ಹೆಂಡತಿ ಫೋನ್ ಮಾಡಿ, "ನಿಮ್ ಪೈ ಇಲ್ದೆ ಮೀನೂಟ ಆಗುತ್ತಾ ನೇಡೀನ್ ಮೇಡಂ?" ಎಂದು ನಕ್ಕಾಗ ಅವಳು ಫೋನ್ ಇಟ್ಟುಬಿಟ್ಟಳು.

ಅಷ್ಟರಲ್ಲಿ ಜೈಲುಗಳಿಂದ ಕಾಗದ ಬರಲು ಶುರುವಾಗಿತ್ತು. ಕನ್ನಡಕದ ಸುದ್ದಿ ಒಳಗೂ ಮುಟ್ಟಿತ್ತು. ಸೀಸದ ಕಡ್ಡಿಯಲ್ಲಿ ಬರೆದವು, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ನನ್ನ ಶಿಕ್ಷೆಯ ದಿನ ಜಡ್ಜ್ ಸಾಹೇಬರು ಕನ್ನಡಕ ತೆಗೆದಿದ್ದರೇ? ತೆಗೆದು ಏನೆಂದರು? ಅವಳು ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಕೈ ತೊಡೆಯ ಮೇಲಿಟ್ಟು, ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದಳು. ಕೆಲವು ಹೆಸರಿಗೆ ಬೆರಳುಗಳು ತಾವಾಗಿಯೇ ಓಡುತ್ತಿದ್ದವು. ಓಡಿದ್ದನ್ನು ಬರೆದು, ಸಹಿ ಹಾಕಿ, ವಕೀಲರಿಗೆ ಕಳಿಸುತ್ತಿದ್ದಳು.

ಆ ಮಂಗಳವಾರ ಬಂದ ಕಾಗದ ಒರೆನ್ ಗ್ಯಾಸ್ಕಿ ಎಂಬುವವನದು. ಚುನಾವಣೆಯ ವರ್ಷ, ಸೆಪ್ಟೆಂಬರ್ ತಿಂಗಳ ಕೇಸು. ಅವಳು ಹೆಸರು ಓದಿದಳು. ಇನ್ನೊಮ್ಮೆ ಓದಿದಳು. ಒಲೆಯ ಮೇಲಿನ ಕಾಫಿ ಉಕ್ಕಿ ಆರಿತು. ಬೆರಳುಗಳು ತೊಡೆಯ ಮೇಲೆ ಹಾಗೆಯೇ ಬಿದ್ದಿದ್ದವು. ಅವನಿಗೆ ಜೈಲಿನಲ್ಲಿ ಇನ್ನೂ ಹನ್ನೊಂದು ವರ್ಷ ಬಾಕಿಯಿತ್ತು.